ಮೂರನೆಯ ನಂಬರ್ ಓಗೊಡಲಿಲ್ಲ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ,

ಅಪರಾಧಿಯ ತಪ್ಪೊಪ್ಪಿಗೆಯನ್ನು ಸ್ವೀಕರಿಸು. ಮೂರು ತಿಂಗಳಿಂದ ಪ್ರತಿ ಶನಿವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ನಿನ್ನ ಅಮ್ಮನಿಗೆ ಹಸಿ ಸುಳ್ಳು ಹೇಳಿ, ಹವ್ಯಾಸಿ ರೇಡಿಯೋ ಸಂಘಕ್ಕೆ ಹೋಗುತ್ತಿದ್ದೆ. "ಬಾಯಲ್ಲಿ ಉಳಿದಿರೋ ಹಲ್ಲಿಗಿಂತ ಜಾಸ್ತಿ ಸಲ ಹೋಗಿದ್ದೀರಲ್ರೀ!" ಎಂದು ಅವಳು ಅನುಮಾನಿಸಿದ್ದೂ ಆಯಿತು.

ಪತ್ರ ತಡವಾಯಿತು, ಎಂಟು ತಿಂಗಳು ತಡ. ನೀನು ಅಗ್ನಿಶಾಮಕ ದಳ ಸೇರಿದ ದಿನ "ಬೆಂಕಿಗೆ ನುಗ್ಗೋ ಮಗಳು ನನಗೆ ಬೇಡ" ಎಂದೆನಲ್ಲ, ಅಂದಿನಿಂದ ನೀನು ನನ್ನ ಫೋನ್ ಎತ್ತುವುದಿಲ್ಲ. ಎತ್ತು ಎನ್ನಲು ನನಗೂ ಮುಖವಿಲ್ಲ.

ಸಂಘದ ಮೊದಲ ಪಾಠವೆಂದರೆ ಚುಟುಕಾಗಿ ಮಾತಾಡಿ, ಮಾತು ಮುಗಿದ ಕೂಡಲೇ "ಓವರ್" ಎನ್ನುವುದು. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವನ ಮಾತೇ ಓವರ್. ಆ ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ನಿನ್ನೆ ಇಲ್ಲಿಯ ಹಳ್ಳಿ ಠಾಣೆಯ ಅಗ್ನಿಶಾಮಕರ ಅಭ್ಯಾಸವಿತ್ತು. ಅಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವೆಂದು ನಮ್ಮನ್ನು ಕರೆದಿದ್ದರು. ಪಾಳು ಗೋದಾಮಿನಲ್ಲಿ ಹೊಗೆ ಎಬ್ಬಿಸಿ ಮೂವರು ಒಳಹೊಕ್ಕರು. ಹೊರಗೆ ಒಂದು ಮೇಜು, ಒಂದು ರೇಡಿಯೋ, ಒಬ್ಬ ನಾನು. ಐದು ನಿಮಿಷಕ್ಕೊಮ್ಮೆ ರೇಡಿಯೋದಲ್ಲಿ ಒಳಗಿದ್ದವರ ನಂಬರ್ ಕೂಗಬೇಕು, ಒಬ್ಬೊಬ್ಬರೂ ಓಗೊಡಬೇಕು. ಎರಡು ಸಲ ಕೂಗಿದರೂ ಸದ್ದಿಲ್ಲದಿದ್ದರೆ ಅಧಿಕಾರಿಗೆ ತಿಳಿಸಬೇಕು.

ಎರಡನೆಯ ಸುತ್ತಿನಲ್ಲಿ ಮೂರನೆಯ ನಂಬರ್ ಓಗೊಡಲಿಲ್ಲ. ನಮ್ಮನ್ನು ಪರೀಕ್ಷಿಸಲು ಸುಮ್ಮನಿರುವಂತೆ ಅಧಿಕಾರಿಯೇ ಅವನಿಗೆ ಹೇಳಿಕೊಟ್ಟಿದ್ದರಂತೆ. ನನಗೇನು ಗೊತ್ತು? ಆದರೂ ನಿನ್ನಪ್ಪ ಬಂಡೆ! ಇನ್ನೊಮ್ಮೆ ಕರೆದೆ, ಕ್ಷಣದಲ್ಲಿ ಉತ್ತರ ತರಿಸಿದೆ. ಅಧಿಕಾರಿ ಓಡಿಬಂದು, "ಏನ್ ಮೇಷ್ಟ್ರೇ, ನನ್ನ ಸರ್ವೀಸಲ್ಲೇ ಯಾರೂ ಹೀಗೆ ಮಾಡಿರಲಿಲ್ಲ!" ಎಂದರು.

ಅಮ್ಮ ಚೆನ್ನಾಗಿದ್ದಾಳೆ. ಹೆಲ್ಮೆಟ್ ಪಟ್ಟಿ ಬಿಗಿಯಾಗಿ ಹಾಕಿಕೋ. ಎಂಥ ಹೊಗೆಯಲ್ಲೂ ನಿನಗೆ ಬಾಗಿಲು ಕಾಣಲಿ.

ಇತಿ ಆಶೀರ್ವಾದಗಳು,
ನಿನ್ನ ಅಪ್ಪ

ತಾ.ಕ.: ಬಂಡೆಯೂ ಇಲ್ಲ, ಮಣ್ಣೂ ಇಲ್ಲ. ಎರಡನೆಯ ಸಲ ನಾನು ನಂಬರ್ ಕೂಗಲೇ ಇಲ್ಲ. ಇಡೀ ಠಾಣೆಯವರಿಗೆ ಕೇಳುವ ಹಾಗೆ, "ಗುಬ್ಬೀ, ಎಲ್ಲಿದ್ದೀಯೇ? ತಪ್ಪಾಯ್ತು ಕಣೇ, ಮಾತಾಡೇ!" ಎಂದು ಅತ್ತುಬಿಟ್ಟೆ. ಒಳಗಿದ್ದವನು ದಪ್ಪ ಮೀಸೆಯ, ಎರಡು ಮಕ್ಕಳ ತಂದೆ. ಸುಮ್ಮನಿರಬೇಕಾದವನಿಗೆ ತಡೆಯಲಾಗಲಿಲ್ಲ. "ಇಲ್ಲೇ ಇದೀನಿ ಅಪ್ಪಾ, ಅಳ್ಬೇಡಿ" ಎಂದ. ಅಲ್ಲಿಗೆ ಪರೀಕ್ಷೆ ಹಾಳಾಯಿತು. ಎಲ್ಲವನ್ನೂ ಮೊದಲಿನಿಂದ ನಡೆಸಿದರು. ಆಗ ನನಗೆ ಕೊಟ್ಟ ಕೆಲಸ, ನೀರಿನ ಬಾಟಲಿ ಹಂಚುವುದು.