ಬಾಂಬೆಗೆ ಡೆಲ್ಲಿ ಕನೆಕ್ಷನ್

೧೩ ಜನವರಿ ೧೯೮೬, ಸೋಮವಾರ
ಹೆಡ್‌ಸೆಟ್ ಹಾಕಿಕೊಂಡು ಟೆಲಿಫೋನ್ ಬೋರ್ಡಿನ ಮುಂದೆ ಕೂತೆ. ಮೊದಲ ಕಾಲ್ ಅಕ್ಕಿ ಮಂಡಿಯವರದು. "ಎಕ್ಸ್‌ಚೇಂಜ್" ಅಂದೆ. "ನಮಸ್ಕಾರ ಸಾರ್, ಮದ್ರಾಸ್ ಕೊಡಿ ಸಾರ್" ಅಂದರು. ಇಷ್ಟು ವರ್ಷ ಬಂಗಾರಪೇಟೆಗೆಲ್ಲ ಲೈನ್ ಕೊಟ್ಟ ಈ ಕದಿರಮ್ಮ ಇವತ್ತು ಗಂಡಸಾದಳು! ಕೊಟ್ಟೆ ಮದ್ರಾಸ್. ತಿದ್ದೋ ಉಸಾಬರಿ ಯಾರಿಗೆ ಬೇಕು.

ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದಕ್ಕೆ ಗಂಟಲು ಹೀಗೆ ಗೊಗ್ಗರಾಗಿದೆ. ಹೋದ ವರ್ಷ ಕುತ್ತಿಗೆ ಕೊಯ್ದು ಕ್ಯಾನ್ಸರ್ ಗಂಟು ತೆಗೆದರು. ಒಳಗೆ ಉಳಿದ ಚೂರುಪಾರು ಸಾಯಬೇಕಾದರೆ ರೇಡಿಯೋ ಅಯೋಡಿನ್ ಅನ್ನೋ ಔಷಧಿ ಕುಡಿಯಬೇಕು. ಒಂದೇ ಸಲ, ಅಷ್ಟೆ. ಅದಕ್ಕೆ ಮುಂಚೆ ಮೈ ಅಯೋಡಿನ್ನಿಗೆ ಹಸಿದಿರಬೇಕಂತೆ. ಮಾತ್ರೆ ಬಂದ್. ಅಯೋಡಿನ್ ಇರೋ ಉಪ್ಪು, ಹಾಲು, ಮೊಟ್ಟೆ ಎಲ್ಲ ಬಂದ್.

ಅತ್ತೆ ಮಸ್ಸೊಪ್ಪಿಗೆ ಉಪ್ಪು ಹಾಕಲಿಲ್ಲ. ತಮಗೂ ಬೇರೆ ಹಾಕಿಕೊಳ್ಳಲಿಲ್ಲ. ನಿಮಗ್ಯಾಕತ್ತೆ ಈ ಶಿಕ್ಷೆ ಅಂದೆ.

"ಸೊಸೆ ಸಪ್ಪೆ ಉಣ್ಣುವಾಗ ನಾನು ಉಪ್ಪು ನೆಕ್ಕೊಂಡು ಕೂತ್ಕಳ್ಳಾ? ಮುದ್ದೆ ಮುರಿ ಸುಮ್ಕೆ."

೨೭ ಜನವರಿ
ಮಾರಿಕುಪ್ಪಂ ರೈಲುಗಾಡಿಯಲ್ಲಿ ಬೆಂಗಳೂರಿನ ಆಸ್ಪತ್ರೆಗೆ. ಬ್ಯಾಗಿನಲ್ಲಿ ಬಟ್ಟೆ, ತಟ್ಟೆ, ಲೋಟ. ಔಷಧಿ ಕುಡಿದ ಮೇಲೆ ಬೇರೆ ರೂಮಿನಲ್ಲಿ ಒಬ್ಬಳೇ ಇರಬೇಕು, ಯಾರೂ ಹತ್ತಿರ ಬರಬಾರದು. "ಸೂತಕ ಇದ್ದಂಗಾ?" ಅಂತ ಅತ್ತೆ ಕೇಳಿದ್ದರು. ಹೂಂ ಅಂದುಬಿಟ್ಟೆ.

ಔಷಧಿ ಬಂದಿಲ್ಲ!

ಸ್ಟಾಕ್ ಇಟ್ಟುಕೊಳ್ಳಬಾರದಾ ಸಾರ್ ಅಂದೆ. ಇಡೋಕಾಗಲ್ಲಮ್ಮ, ಇಟ್ಟಲ್ಲೇ ಅದರ ಶಕ್ತಿ ಇಳಿದುಹೋಗುತ್ತೆ ಅಂದರು ಡಾಕ್ಟರು. ವಾರವಾರ ಬಾಂಬೆಯಿಂದ ವಿಮಾನದಲ್ಲಿ ಬರಬೇಕು. ಬಾಂಬೆಯಲ್ಲಿ ಅದನ್ನು ತಯಾರಿಸೋ ರಿಯಾಕ್ಟರ್ ರಿಪೇರಿಗೆ ನಿಂತಿದೆ. ಫಾರಿನ್ನಿಂದ ತರಿಸೋಣ ಅಂದರೆ ಡೆಲ್ಲಿ ಪರ್ಮಿಷನ್ ಬೇಕು. ಡೆಲ್ಲಿಯವರು ಏನಂತಾರೆ ಸಾರ್? ಎರಡು ವಾರ ಬಿಟ್ಟು ಬನ್ನಿ ಅಂತ ಚೀಟಿ ಬರೆದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಚಿನ್ನದ ಗಣಿ ಮೈಸೂರು ಮೈನ್ಸ್ ಕಡೆಯ ಮಾರಿಯಮ್ಮ. ಅವಳದೂ ಇದೇ ಕಾಯಿಲೆ, ಅವಳದೂ ಮಾತ್ರೆ ಬಂದ್. ಮುಖ ಊದಿ ಕಣ್ಣು ಸಣ್ಣಗಾಗಿವೆ. "ಇಲ್ಲೇನಾ, ಎದುಕ್ಕು ಕೂಪ್ಟಾಂಗ?" ಅಂದಳು. ಇಲ್ಲದ ಮೇಲೆ ಕರೆದದ್ದು ಯಾಕೆ? ನನಗೇನು ಗೊತ್ತು. ನಮ್ಮಿಬ್ಬರ ತಲೆಯ ಮೇಲೆ ಸರ್ಕಾರದ ಪೋಸ್ಟರು— ಅಯೋಡಿನ್ ಉಪ್ಪು ತಿನ್ನಿ, ಆರೋಗ್ಯ ಕಾಪಾಡಿಕೊಳ್ಳಿ. ನಗು ಬಂತು. ಅದರ ಹಿಂದೆಯೇ ಸಿಟ್ಟು.

೧೦ ಫೆಬ್ರವರಿ
ಮತ್ತೆ ಹೋದೆ. ಮತ್ತೆ ಇಲ್ಲ. ಹೀಗೇ ತಡವಾದರೆ ಮಾತ್ರೆ ತಿರುಗಿ ಶುರು ಮಾಡಬೇಕಂತೆ, ಆಮೇಲೆ ಎಲ್ಲ ಮೊದಲಿನಿಂದ. "ಅಷ್ಟರಲ್ಲಿ ಅದು ಶ್ವಾಸಕೋಶಕ್ಕೇನಾದರೂ ಹರಡಿದರೆ…" ಅಂದರು ಡಾಕ್ಟರು.

ಹೆದರಿಕೆ ಆಗುತ್ತೆ. ಯಾರಿಗೆ ಹೇಳಲಿ. ನಮ್ಮ ಯಜಮಾನರು ಮೈನ್ಸ್ ಶಿಫ್ಟ್ ಮುಗಿಸಿ ಬಂದು ನನ್ನ ಕಾಲು ಒತ್ತಿದರು. ಸ್ವೆಟರ್ ಮೇಲೆ ಶಾಲು ಹೊದ್ದರೂ ನಡುಕ. ಕೈ ಎತ್ತಿದರೆ ಕೈಯೇ ಭಾರ.

ಆದರೆ ಸಿಟ್ಟಿಗೇನೂ ಕಮ್ಮಿಯಾಗಿಲ್ಲ. ನಾನೂ ಸರ್ಕಾರದ ನೌಕರಳೇ ತಾನೆ? ಲೈನ್ ಸತ್ತರೆ ಊರೆಲ್ಲ ನನಗೇ ಬೈಯುತ್ತೆ. ಹೋಗಿ ಬಾಂಬೆಯವರನ್ನ ಕೇಳಿ ಅಂತ ಒಂದು ದಿನ ಅಂದಿದ್ದೀನಾ? ಕೋಲಾರ ನೇರವಾಗಿ ಸಿಗದಿದ್ದರೆ ಬೆಂಗಳೂರು ಸುತ್ತಿಸಿಯಾದರೂ ಕೊಟ್ಟಿದ್ದೀನಿ. ನನ್ನ ಬೋರ್ಡು, ನನ್ನ ಜವಾಬ್ದಾರಿ. ಅವರದು?

೧೨ ಫೆಬ್ರವರಿ, ಮಧ್ಯಾಹ್ನ
ಮಾಡಿದೆ.

ದೂರದ ಕಾಲ್ ಕೊಡೋ ಬೆಂಗಳೂರು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ನರಸಮ್ಮ ಡ್ಯೂಟಿ. ಮುಖ ನೋಡಿಲ್ಲ, ಧ್ವನಿಯಲ್ಲೇ ಗೆಳೆತನ. ಮೊದಲು ಔಷಧಿ ಕಳಿಸೋ ಬಾಂಬೆ ಆಫೀಸು ಕೊಟ್ಟಳು. "ಡೆಲ್ಲಿ ಆರ್ಡರ್ ಬಂದಿಲ್ಲ, ಡೆಲ್ಲೀನ ಕೇಳಿ." ಆಮೇಲೆ ಪರ್ಮಿಷನ್ ಕೊಡೋ ಡೆಲ್ಲಿ ಆಫೀಸು. "ಬಾಂಬೆಯಿಂದ ವಿವರಣೆ ಬರಬೇಕು, ಬಾಂಬೆ ಕೇಳಿ." ಗಾಣದೆತ್ತಿನ ಹಾಗೆ ನಾನು ಸುತ್ತಬೇಕು, ಇವರು ಕೂತಿರಬೇಕು.

"ನರಸಮ್ಮಾ, ಎರಡು ಲೈನೂ ಹಿಡಿದಿಟ್ಟುಕೋ" ಅಂದೆ. ಒಂದೇ ವೈರು. ಈ ತುದಿ ಬಾಂಬೆಗೆ, ಆ ತುದಿ ಡೆಲ್ಲಿಗೆ. ಚುಚ್ಚಿದೆ.

"ಹಲೋ, ಯಾರು?" "ನೀವ್ಯಾರು?" ಅವರಿಬ್ಬರಿಗೂ ಗೊತ್ತಾಗಲಿಲ್ಲ! ನಾನು ಮಧ್ಯೆ ಬಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ— ಒಬ್ಬರು ಬಾಂಬೆ, ಒಬ್ಬರು ಡೆಲ್ಲಿ. ಒಬ್ಬರನ್ನೊಬ್ಬರು ಕೇಳಬೇಕು ಅಂತಿದ್ದಿರಲ್ಲ, ಕೇಳಿ.

ಡೆಲ್ಲಿಯವನು ತಡವರಿಸಿ, "ಯೆಸ್ ಸಾರ್" ಅಂದ. ನನಗೆ! ಯಾರೋ ದೊಡ್ಡ ಆಫೀಸರು ಅಂದುಕೊಂಡ. ಕಾಯಿಲೆ ಧ್ವನಿಗೆ ಸಿಕ್ಕ ಮರ್ಯಾದೆ ನನ್ನ ಧ್ವನಿಗೆ ಯಾವತ್ತೂ ಸಿಕ್ಕಿರಲಿಲ್ಲ. ನಾನು ತಿದ್ದಲಿಲ್ಲ. ಬಾಂಬೆಯವನು ವಿವರಣೆ ಹೋದ ತಿಂಗಳೇ ಕಳಿಸಿದ್ದೀನಿ ಅಂದ. ಡೆಲ್ಲಿಯವನು ಕಾಗದ ಕೆದಕಿದ ಸದ್ದು. "ಹೌದು ಸಾರ್… ಇಲ್ಲೇ ಇದೆ." ಮೇಜಿನ ಮೇಲೇ ಇತ್ತು! ನಾಳೆ ಸಹಿ ಮಾಡಿಸ್ತೀನಿ ಅಂದ.

ಪ್ಲಗ್ ಕಿತ್ತು ತಿರುಗಿದರೆ ಬೆನ್ನ ಹಿಂದೆ ಸೂಪರ್‌ವೈಸರ್ ಕುಪ್ಪುಸ್ವಾಮಿ.

೧೭ ಫೆಬ್ರವರಿ
ಮೆಮೋ ಬಂತು. ಇಲಾಖೆಯ ಲೈನ್ ದುರುಪಯೋಗ. ತಪ್ಪೊಪ್ಪಿಗೆ ಬರೆದುಕೊಡಬೇಕು. ಅಲ್ಲಿಯವರೆಗೆ ಬಾಂಬೆ, ಡೆಲ್ಲಿ ಕಾಲ್ ಮುಟ್ಟಕೂಡದು, ಮುಟ್ಟಿದರೆ ಸಸ್ಪೆಂಡ್.

"ಕೈ ತಪ್ಪಿ ಪ್ಲಗ್ ಬಿತ್ತು ಅಂತ ಬರ್ಕೊಡಮ್ಮಾ, ವೇಲೆ ಉಳ್ಕೊಳ್ಳುತ್ತೆ, ಕೆಲ್ಸ ಹೋಗಲ್ಲ" ಅಂದರು ಕುಪ್ಪುಸ್ವಾಮಿ. ಒಳ್ಳೆಯವರು. ಆದರೆ ಕೈ ತಪ್ಪಿಲ್ಲವಲ್ಲ ಸಾರ್, ಬೇಕು ಅಂತಲೇ ಹಾಕಿದೆ. ತಪ್ಪು ಅಂತ ಬರೆಯಲಾರೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಬೈತಾರೇನೋ ಅಂದುಕೊಂಡೆ. ಸೊಪ್ಪು ಬಿಡಿಸುತ್ತಲೇ ಅಂದರು—

"ಓದ್ರೆ ಓಗ್ಲಿ ಕೆಲ್ಸ. ಕತ್ತು ಕುಯ್ಸ್ಕೊಂಡೂ ನಿಂತಿರೋಳು ನೀನು, ಈಗ ತಲೆ ಬಗ್ಸಬ್ಯಾಡ."

ಕುತ್ತಿಗೆಯ ಗಾಯದ ಮೇಲೆ ಕೈ ಇಟ್ಟುಕೊಂಡು ಅತ್ತುಬಿಟ್ಟೆ. ಹಾಗೆ ಅತ್ತು ಎಷ್ಟೋ ದಿನ ಆಗಿತ್ತು.

೧೯ ಫೆಬ್ರವರಿ, ಮಧ್ಯಾಹ್ನ, ಡ್ಯೂಟಿಯಲ್ಲಿ
ನರಸಮ್ಮನ ರಿಂಗು. "ಅಕ್ಕಾ, ಬಾಂಬೆ ಆಫೀಸಿನೋರು ಬಂಗಾರಪೇಟೆ ಸಾರ್ ಬೇಕು ಅಂತಾವ್ರೆ!"

ಅದೇ ಮನುಷ್ಯ. ಫಾರಿನ್ ಔಷಧಿ ಬಾಂಬೆ ವಿಮಾನ ನಿಲ್ದಾಣಕ್ಕೆ ಬಂದು ಕೂತಿದೆಯಂತೆ. ಸಹಿ ಆಗಿದೆ, ಆದರೂ ಕಸ್ಟಮ್ಸಿನಿಂದ ಬಿಡಿಸಿಕೊಳ್ಳೋಕೆ ಡೆಲ್ಲಿಯ ಒಂದು ಮಾತು ಬೇಕು. ಸಂಜೆ ಬೆಂಗಳೂರು ಫ್ಲೈಟು. ತಪ್ಪಿದರೆ ಕೂತಲ್ಲೇ ಶಕ್ತಿ ಇಳಿಯುತ್ತೆ. "ನಾವು ಮಾಡಿದ್ರೆ ಡೆಲ್ಲಿಯವರು ಎತ್ತೋದೇ ಇಲ್ಲ ಸಾರ್. ನೀವು ಕೊಡಿಸಿದ್ರೆ…"

ಸರ್ಕಾರದ ಜೊತೆ ಮಾತಾಡೋಕೆ ಸರ್ಕಾರಕ್ಕೇ ನಾನು ಬೇಕು! ನಗಲೋ ಅಳಲೋ.

ಮೆಮೋ ನನ್ನ ಎದುರಿಗೇ ಅಂಟಿಸಿದ್ದಾರೆ. ಕುಪ್ಪುಸ್ವಾಮಿಯವರ ಕಡೆ ನೋಡಿದೆ. ಅವರು ಮೆಮೋ ನೋಡಿದರು, ನನ್ನ ಊದಿದ ಮುಖ ನೋಡಿದರು. ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ನಾನು ಟೀ ಕುಡ್ದು ಬತ್ತೀನಮ್ಮಾ. ನಿಧಾನಕ್ಕೆ."

ಬಾಂಬೆ ತುದಿ ಹಾಕಾಯಿತು. ಡೆಲ್ಲಿ ತುದಿಯೂ. ನನಗೆ, ಮಾರಿಯಮ್ಮನಿಗೆ, ಆ ಬೆಂಚಿನ ಮೇಲೆ ಇನ್ನೂ ಯಾರ್ಯಾರಿದ್ದಾರೋ ಅವರಿಗೆ. ರಿಂಗ್ ಆಗ್ತಿದೆ. ಈ ಸಲ ಸಾರ್ ಅಂದರೆ ಬಿಡಲ್ಲ, ಹೇಳಿಬಿಡ್ತೀನಿ. ಸಾರ್ ಅಲ್ಲ ನಾನು. ಕದಿರಮ್ಮ. ಆಪರೇಟರ್, ಬಂಗಾರಪೇಟೆ. ನಿಮ್ಮ ಪೇಷೆಂಟು.

ಇನ್ನೂ ರಿಂಗ್ ಆಗ್ತಾನೇ ಇದೆ. ಆಗಲಿ, ನಾನು ಪ್ಲಗ್ ಕೀಳೋಳಲ್ಲ.

ಎತ್ತಿದರು—