ಸಿಂಬಿ ಸುತ್ತಿ ಕಳಸೂಬಾಯಿ ಏರಿದ್ದು

೧೨-೧-೨೦೨೫, ಭಾನುವಾರ

ಆ ನಗು ಇನ್ನೂ ಕಿವಿಯಿಂದ ಹೋಗಿಲ್ಲ. ಮಹಾರಾಷ್ಟ್ರದ ಕಳಸೂಬಾಯಿ ಬೆಟ್ಟದ ಬುಡದಲ್ಲಿ ನಾನು ಟವೆಲ್ಲನ್ನು ಸಿಂಬಿ ಸುತ್ತಿ ಚೀಲವನ್ನು ತಲೆಯ ಮೇಲಿಟ್ಟಾಗ ನಮ್ಮೂರಿನ ಚಾರಣ ತಂಡವೇ ನಕ್ಕಿತು. "ಅಕ್ಕಾ, ಇದು ಶಹಾಬಾದ್ ಖಣಿ ಅಲ್ರಿ, ಬೆನ್ನಿಗೆ ಹಾಕ್ಕೋರಿ," ಎಂದ ಮುಂದಾಳು ಮುಜಾಹಿದ್.

ಹದಿನೆಂಟು ವರ್ಷ ಆ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತ ತಲೆ ಇದು. ಚೀಲ ಇಳಿಸಲಿಲ್ಲ.

ಲಾವಾ ಹೆಪ್ಪುಗಟ್ಟಿದ ಕರಿಗಲ್ಲು ನಮ್ಮ ಫರಸಿಯಂತೆ ಸಪಾಟಲ್ಲ. ಕಬ್ಬಿಣದ ಏಣಿಯಲ್ಲಿ ಬೆನ್ನಿನ ಚೀಲಗಳು ಅವರನ್ನೆಲ್ಲ ಹಿಂದಕ್ಕೆ ಜಗ್ಗಿದವು. ನಾನು ಕತ್ತು ನೆಟ್ಟಗಿಟ್ಟು, ಎರಡೂ ಕೈಯಿಂದ ಏಣಿ ಹಿಡಿದು ಏರಿ, ಎಲ್ಲರಿಗಿಂತ ಮೊದಲು ತುದಿ ಮುಟ್ಟಿದೆ.

ಅರ್ಧ ಗಂಟೆಯ ಮೇಲೆ ಮುಜಾಹಿದ್ ಏದುಸಿರು ಬಿಡುತ್ತ ಬಂದ. "ಅಕ್ಕಾ, ಭಾಳ ಭಾರ ಆಗ್ಯಾದ. ಇಳಿಯೋ ಮುಂದ ನನ್ನ ಚೀಲಾನೂ ಹೊತ್ಕೊಳ್ರಿ."

ಅವನ ಚೀಲ ಮುಟ್ಟಲಿಲ್ಲ. ಟವೆಲ್ ಬಿಚ್ಚಿ ಅವನ ಕೈಗಿಟ್ಟೆ.

"ತಲಿ ನಿನಗೂ ಅದ. ಸಿಂಬಿ ಸುತ್ತಾದು ಕಲಿ."