ನನ್ನ ಎಡಗಾಲಿಯೂ ನಿಮ್ಮ ಗಾಳಿಯೂ

ನಮ್ಮೂರ ರಸ್ತೆಯ ಉಸ್ತುವಾರಿ ಹೊತ್ತಿರುವ ಮಾನ್ಯ ಸಹಾಯಕ ಅಭಿಯಂತರರೇ,

ನಾನು ರಸ್ತೆಯ ಅಂಚಿನಲ್ಲಿ ಅನಧಿಕೃತವಾಗಿ ಕೃಷಿ ಮಾಡುತ್ತಿದ್ದೇನೆಂದೂ, ಹದಿನೈದು ದಿನಗಳೊಳಗೆ ಅದನ್ನು ಬೇರುಸಹಿತ ಕಿತ್ತು ತೆಗೆಯದಿದ್ದರೆ ತಾವೇ ಆಳುಗಳನ್ನು ಕಳಿಸಿ ಕೀಳಿಸುವಿರೆಂದೂ ಹೇಳುವ ನಿಮ್ಮ ನೋಟೀಸು ಕಳೆದ ಮಂಗಳವಾರ ನನ್ನ ಕೈಸೇರಿತು. ವಿಳಾಸದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಮನೆಹೆಸರು, ವಾರ್ಡು, ಪಿನ್‌ಕೋಡು ಎಲ್ಲವೂ ಸರಿ. ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು, ಸಬ್ ಪೋಸ್ಟ್ ಮಾಸ್ಟರಾಗಿ ನಿವೃತ್ತಳಾದ ನನಗೆ ಇದರಿಂದ ಆದ ಸಂತೋಷವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪತ್ರದಲ್ಲಿ ಮುಂದೆ ಸಂತೋಷದ ಸುದ್ದಿ ಹೆಚ್ಚೇನೂ ಇಲ್ಲ.

ನೀವು ಕೃಷಿ ಎಂದು ಕರೆದಿರುವುದು ಲಾವಂಚದ ಹುಲ್ಲನ್ನು. ಅದನ್ನು ಅಲ್ಲಿ ನೆಟ್ಟದ್ದು ನಾನೇ, ಒಪ್ಪಿಕೊಂಡೆ. ಆದರೆ ನೆಡಿಸಿದ್ದು ಯಾರು? ನೀವು. ನಿಮ್ಮ ಕಚೇರಿಯ ಫೈಲು, ನಿಮ್ಮ ಕಚೇರಿಯ ಮೊಹರು, ನಿಮ್ಮ ಸಹಿ. ಹಾಗಿರುವಾಗ ನೋಟೀಸು ನನಗೊಬ್ಬಳಿಗೇ ಬಂದದ್ದು ಎಂಥ ನ್ಯಾಯ? ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ. ಹಿಂದೊಮ್ಮೆ ಲಕೋಟೆಯಲ್ಲಿ ಹಾಕಿ, ಅಂಟು ಹಚ್ಚಿ, ರಿಜಿಸ್ಟರ್ ಮಾಡಿ ಕಳಿಸಿದ ನನ್ನ ಅರ್ಜಿಗೆ ನಿಮ್ಮಲ್ಲಿ ಏನು ಗತಿಯಾಯಿತೆಂದು ಊರಿಗೂ ತಿಳಿಯಲಿ.

ನಿವೃತ್ತಿಯಾದ ವರ್ಷ, ಎಂದರೆ ಎರಡು ಸಾವಿರದ ಹದಿನಾರರಲ್ಲಿ, ನಾನೊಂದು ಕಾರು ಕೊಂಡೆ. ಪೆಟ್ರೋಲಿನ ಎಂಜಿನ್ನಿನ ಜೊತೆಗೆ ಬ್ಯಾಟರಿಯ ಆಸರೆಯೂ ಇರುವ ಹೈಬ್ರಿಡ್ ಕಾರು. ನಿಂತಲ್ಲಿ ತಾನಾಗಿ ಎಂಜಿನ್ ಆರುತ್ತದೆ, ಹೊರಡುವಾಗ ತಾನಾಗಿ ಹತ್ತುತ್ತದೆ. ಮೊದಲ ದಿನ ಮುಳ್ಳೇರಿಯ ಪೇಟೆಯಲ್ಲಿ ಬಸ್ಸಿಗೆ ದಾರಿ ಬಿಡಲು ನಿಲ್ಲಿಸಿದಾಗ ಅದು ಸದ್ದಿಲ್ಲದೆ ಆರಿತು. ಆಟೋ ಸ್ಟ್ಯಾಂಡಿನಿಂದ ನಾಲ್ಕು ಜನ ಓಡಿಬಂದು ನನ್ನನ್ನು ಕೇಳದೆಯೇ ಹಿಂದಿನಿಂದ ದೂಡಿದರು. ಹಿಂದಿನ ಸೀಟಿನಲ್ಲಿದ್ದ ಜೈನಬಾ, "ಎಂತ ಮಾರಾಯ್ತಿ, ಇಷ್ಟು ದೊಡ್ಡ ಗಾಡಿ ತೆಗೆದು ಮೊದಲ ದಿನವೇ ದೂಡಿಸಿಕೊಂಡು ಹೋಗುವುದಾ?" ಎಂದಳು.

ಜೈನಬಾ ನನ್ನ ನೆರೆಮನೆಯವಳು. ಅವಳ ಗಂಡ ಯೂಸುಫ್ ಶಾರ್ಜಾದಿಂದ ಮಲಯಾಳದಲ್ಲಿ ಪತ್ರ ಬರೆಯುತ್ತಿದ್ದ ಕಾಲದಲ್ಲಿ, ಓದಲು ಬಾರದ ಅವಳನ್ನು ಪೋಸ್ಟ್ ಆಫೀಸಿನ ಕೌಂಟರಿನ ಈಚೆ ಕೂರಿಸಿ ಕನ್ನಡದಲ್ಲಿ ಓದಿ ಹೇಳುತ್ತಿದ್ದವಳು ನಾನು. ಅವನು ಬರೆದ ಒಂದೆರಡು ಸಿಟ್ಟಿನ ಸಾಲುಗಳನ್ನು ನುಂಗಿದ್ದುಂಟು, ಅದು ನನ್ನ ತಪ್ಪು. ಆದರೆ ಒಂದು ಪದವನ್ನು ಇನ್ನೊಂದು ಮಾಡಿ ಓದಿದವಳಲ್ಲ. ಆ ಸ್ನೇಹ ಈಗ ಹೀಗೆ ಮುಂದುವರಿದಿದೆ: ಅವಳ ಕಿಡ್ನಿ ಕೈಕೊಟ್ಟಿದೆ, ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಕಾಸರಗೋಡಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಆಟೋದಲ್ಲಿ ಹೋದರೆ ಹಿಂತಿರುಗಿ ಬರುವಾಗ ಅವಳಿಗೆ ವಾಂತಿ, ಬಸ್ಸಿನಲ್ಲಿ ನಿಲ್ಲುವ ಶಕ್ತಿ ಇಲ್ಲ. ಸದ್ದಿಲ್ಲದ, ಹೊಗೆಯ ವಾಸನೆಯಿಲ್ಲದ ಈ ಕಾರಿನಲ್ಲಿ ಮಾತ್ರ ಅವಳು ಸುಖವಾಗಿ ಕೂರುತ್ತಾಳೆ. ಎಡಬದಿಯ ಹಿಂದಿನ ಸೀಟು, ಸೂಜಿ ಚುಚ್ಚುವ ಎಡಗೈ ಕಿಟಕಿಯ ಬದಿಗೆ.

ಒಂದೂವರೆ ವರ್ಷದಲ್ಲಿ ಕಾರಿನ ಎಡಗಡೆಯ ಎರಡೂ ಟಯರುಗಳು ಬೋಳಾದವು. ನಲವತ್ತು ಸಾವಿರ ಕಿಲೋಮೀಟರು ಬರಬೇಕಾದದ್ದು ಹದಿನಾಲ್ಕು ಸಾವಿರಕ್ಕೇ ಮುಗಿಯಿತು. ಬಲಗಡೆಯವು ಮಾತ್ರ ಮದುಮಗನ ಹಾಗೆ ನಿಂತಿದ್ದವು. ಕಾರು ಮಾರಿದವರನ್ನು ಕೇಳಿದೆ. "ಹೈಬ್ರಿಡ್ ಅಲ್ವಾ ಮೇಡಂ, ಬ್ಯಾಟರಿಯ ಭಾರ ಜಾಸ್ತಿ, ಟಯರು ಬೇಗ ಹೋಗ್ತದೆ" ಎಂದರು. ಹಾಗಾದರೆ ಬ್ಯಾಟರಿ ಎಡಮಗ್ಗುಲಾಗಿ ಮಲಗಿದೆಯೇ ಎಂದು ಕೇಳಿದೆ. ಕೊನೆಗೆ ಮುಳ್ಳೇರಿಯದಲ್ಲಿ ಟಯರಿನ ಅಂಗಡಿ ಇಟ್ಟಿರುವ ತೌಫೀಕ್ ಕಾರನ್ನು ಜಾಕಿಯ ಮೇಲೇರಿಸಿ, ಟಯರಿನ ಮೇಲೆ ಅಂಗೈ ಸವರಿ ನೋಡಿದ.

"ಬಾಯಮ್ಮ, ಇದು ಕಾರಿನ ದೋಷ ಅಲ್ಲ. ನೀವು ದಿನಾ ಎಲ್ಲಿಯೋ ಎಡಗಡೆ ಕೆಳಗೆ ಇಳಿಸ್ತೀರಿ. ಇಳಿದು ಹತ್ತುವಾಗ ಡಾಂಬರಿನ ಅಂಚು ಟಯರನ್ನು ಕತ್ತಿಯ ಹಾಗೆ ಕೆರೀತದೆ. ಮತ್ತೆ ಅಲೈನ್‌ಮೆಂಟೂ ಹೋಗ್ತದೆ."

"ನಾನು ಇಳಿಸುವುದಲ್ಲ, ರಸ್ತೆ ಇಳಿಸುವುದು."

"ಅದು ಎಲ್ಲರಿಗೂ ಗೊತ್ತುಂಟು. ಹೇಳಬೇಕಾದವರಿಗೆ ಹೇಳಿ."

ಹೇಳಬೇಕಾದವರು ನೀವು, ಮಾನ್ಯರೇ. ಪೇಟೆಯಿಂದ ಒಳಗೆ ನಮ್ಮ ನೆಲ್ಲಿಮೂಲೆಗೆ ಬರುವ ಮೂರು ಕಿಲೋಮೀಟರು ರಸ್ತೆಗೆ ನಿಮ್ಮ ಕಚೇರಿ ಡಾಂಬರಿನ ಮೇಲೆ ಡಾಂಬರು ಹಾಸಿ ಎತ್ತರ ಮಾಡಿತು. ಎರಡೂ ಬದಿಯ ಮಣ್ಣನ್ನು ಮಾತ್ರ ಮಳೆಗೆ ಬಿಟ್ಟುಕೊಟ್ಟಿತು. ಈಗ ಡಾಂಬರಿನಿಂದ ಮಣ್ಣಿಗೆ ಒಂದು ಗೇಣು ಇಳಿತ. ಎದುರಿನಿಂದ ಬಸ್ಸು ಬಂದರೆ ಇಳಿಯಬೇಕಾದವರು ನಾವು. ಹೋಗುವಾಗಲೂ ಎಡಬದಿ, ಬರುವಾಗಲೂ ಎಡಬದಿ. ಈ ಸರಳ ಲೆಕ್ಕ ಕಾರು ಮಾರುವವರಿಗೆ ಹೊಳೆಯದಿದ್ದರೆ ಕ್ಷಮಿಸಬಹುದು, ರಸ್ತೆ ಮಾಡುವವರಿಗೆ ಹೊಳೆಯದಿದ್ದರೆ ಹೇಗೆ?

ಹದಿನೇಳರ ಆಗಸ್ಟಿನ ಒಂದು ಗುರುವಾರ ಎಡಗಡೆಯ ಹಿಂದಿನ ಟಯರು ಒಡೆಯಿತು. ಸರಿಯಾಗಿ ಜೈನಬಾ ಕೂತಿದ್ದ ಜಾಗದ ಅಡಿಯಲ್ಲಿ. ಕಾರು ಕೆಳಗೆ ಹರಿಯುವ ತೋಡಿನ ಕಡೆಗೆ ಎಳೆಯಿತು, ಗೇರುಮರವೊಂದು ತಡೆಯಿತು. ಬೇರೆ ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಸರದಿ ದಾಟಿಹೋಗಿತ್ತು, ಯಂತ್ರದಲ್ಲಿ ಇನ್ನೊಬ್ಬರಿದ್ದರು. ಮರುದಿನದವರೆಗೆ ಮುಖ ಬಾತುಕೊಂಡು, ಮಲಗಿದರೆ ಉಸಿರು ಬಾರದೆ ದಿಂಬಿಗೆ ಒರಗಿ ಕೂತೇ ಇದ್ದಳು. ನಾನು ಜೀವನದಲ್ಲಿ ಅಷ್ಟು ಹೆದರಿದವಳಲ್ಲ. ಆ ವಾರವೇ ನಿಮಗೆ ಅರ್ಜಿ ಬರೆದೆ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಕೇರಳ ಸರಕಾರದ ಕಚೇರಿಯಾದರೂ ಕನ್ನಡದಲ್ಲಿಯೂ ಅರ್ಜಿ ಕೊಡಬಹುದೆಂದು ನಿಮ್ಮ ಕಚೇರಿಯ ಗೋಡೆಯ ಮೇಲೆ ಬೋರ್ಡು ಇದೆ. ಆ ಬೋರ್ಡಿಗೆ ತಕ್ಕ ಕನ್ನಡ ಬರೆಯಬೇಕೆಂಬ ಹುಮ್ಮಸ್ಸಿನಲ್ಲಿ ನಾನು ಟಯರು ಎಂದು ಬರೆಯಲಿಲ್ಲ, ಗಾಲಿ ಎಂದು ಬರೆದೆ. ಕಾರು ಎಂದೂ ಬರೆಯಲಿಲ್ಲ. ನನ್ನ ವಾಕ್ಯ ಹೀಗಿತ್ತು: "ರಸ್ತೆಯಂಚಿನ ದುಃಸ್ಥಿತಿಯಿಂದಾಗಿ ನನ್ನ ಹೈಬ್ರಿಡ್‌ನ ಎಡಗಾಲಿಗಳು ಅಕಾಲಿಕ ಹಾಗೂ ಅಸಮ ಸವಕಳಿಗೆ ತುತ್ತಾಗಿವೆ." ಬರೆದು ಮುಗಿಸಿ ನಾನೇ ಎರಡು ಸಲ ಓದಿ ಮೆಚ್ಚಿಕೊಂಡೆ. ಜೈನಬಾಗೂ ಓದಿ ಹೇಳಿದೆ. "ಚಂದ ಉಂಟು. ಆದ್ರೆ ಇದರಲ್ಲಿ ಟಯರು ಎಲ್ಲಿ ಉಂಟು?" ಎಂದು ಅವಳು ಕೇಳಿದಳು. ಓದಲು ಬಾರದವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಆಮೇಲೆ ಒಂಬತ್ತು ತಿಂಗಳು ಮೌನ. ಮುಂದಿನ ವರ್ಷ ಜೂನಿನ ಮೊದಲ ಮಳೆಗೆ ನಮ್ಮ ಅಂಗಳದಲ್ಲಿ ಒಂದು ಜೀಪು ನಿಂತಿತು. ಇಳಿದವರು ಹರಿನಾಥ ಎಂಬ ಯುವಕ, ಕೈಯಲ್ಲಿ ಫೈಲು. ರಸ್ತೆಯ ಕಚೇರಿಯವರೆಂದೇ ತಿಳಿದು ಚಹಾ ಕೊಟ್ಟೆ.

"ಮೇಡಂ, ಹೈಬ್ರಿಡ್ ಎಲ್ಲಿ ಉಂಟು?"

"ಶೆಡ್ಡಿನೊಳಗೆ ಉಂಟು."

"ಶೆಡ್ಡಿನೊಳಗೆಯಾ? ಬಿಸಿಲು ಬೇಡವಾ ಅದಕ್ಕೆ?"

"ಬಿಸಿಲಿಗೆ ಇಟ್ರೆ ಬಣ್ಣ ಹೋಗ್ತದೆ."

ಅವರು ಅದನ್ನು ಬರೆದುಕೊಂಡರು. "ನೀರು?"

"ಶನಿವಾರಕ್ಕೊಮ್ಮೆ. ಶಾಂಪೂ ಹಾಕಿ ತೊಳೀತೇನೆ."

ಅವರ ಪೆನ್ನು ಸ್ವಲ್ಪ ನಿಧಾನವಾಯಿತು. "ಎಷ್ಟು ಕೊಡ್ತದೆ ಈಗ?"

"ಲೀಟರಿಗೆ ಇಪ್ಪತ್ತೆರಡು."

ಅವರು ಪೆನ್ನು ಕೆಳಗಿಟ್ಟರು. ನಾನು ಫೈಲಿಗೆ ಕೈಚಾಚಿದೆ. ಅವರು ಮಣ್ಣು ಸಂರಕ್ಷಣೆಯ ಕಚೇರಿಯವರು, ಮಾನ್ಯರೇ. ನನ್ನ ಅರ್ಜಿಯನ್ನು ನಿಮ್ಮ ಕಚೇರಿಯಲ್ಲಿ ಯಾರೋ ಮಲಯಾಳಕ್ಕೆ ತಂದಿದ್ದರು. ಹೈಬ್ರಿಡ್ ಎಂದರೆ ಈ ಸೀಮೆಯಲ್ಲಿ ಗೇರು, ಅಡಿಕೆ, ತೆಂಗಿನ ಸಸಿ ತಾನೇ? ಹಾಗಾಗಿ ಅದು ಸಸಿಯಾಯಿತು. ಸವಕಳಿ ಎಂದರೆ ಸರಕಾರಕ್ಕೆ ಗೊತ್ತಿರುವುದು ಒಂದೇ, ಮಣ್ಣಿನದು. ಅದು "ಮಣ್ಣೊಲಿಪ್ಪ್" ಆಯಿತು. ಇನ್ನು ನನ್ನ ಹೆಮ್ಮೆಯ ಗಾಲಿ: ಒಂದು ಅಕ್ಷರ ತಿರುಗಿ ಗಾಳಿಯಾಗಿತ್ತು. ಒಟ್ಟಿನಲ್ಲಿ ನನ್ನ ಹೈಬ್ರಿಡ್ ಸಸಿಗಳಿಗೆ ಎಡದಿಂದ ಅಕಾಲಿಕವಾಗಿ ಗಾಳಿ ಬೀಸಿ ಮಣ್ಣು ಕೊಚ್ಚಿಹೋಗುತ್ತಿದೆಯೆಂದೂ, ಈ ಬಡ ಕೃಷಿಕೆಗೆ ಅಗತ್ಯ ನೆರವು ಕೊಡಬೇಕೆಂದೂ ನೀವು ಶಿಫಾರಸು ಮಾಡಿ ಸಹಿ ಹಾಕಿದ್ದಿರಿ. ನನಗಾಗಿ ನೀವು ತೋರಿದ ಆ ಮರುಕಕ್ಕೆ ನಾನಿನ್ನೂ ಕೃತಜ್ಞತೆ ಹೇಳಿಲ್ಲ, ಈಗ ಹೇಳುತ್ತೇನೆ.

ಮೂವತ್ತೊಂದು ವರ್ಷ ನಾನು ಮೂರು ಲಿಪಿಗಳ ಕೈಬರಹ ಓದಿ ಪತ್ರ ವಿಂಗಡಿಸಿದ್ದೇನೆ. ಡಾಕ್ಟರರ ಕೈಬರಹ, ಅಳುತ್ತ ಬರೆದವರದ್ದು, ಬಸ್ಸಿನಲ್ಲಿ ಕೂತು ಬರೆದವರದ್ದು. ಬಾಯಾರು ಊರಿನ ಪತ್ರವನ್ನು ಒಮ್ಮೆಯೂ ನೆರೆಯ ಎಣ್ಮಕಜೆಗೆ ಕಳಿಸಿದವಳಲ್ಲ. ನೀವು ಒಂದೇ ಅರ್ಜಿಯನ್ನು ಒಂದೇ ಅಕ್ಷರದಲ್ಲಿ ರಸ್ತೆಯಿಂದ ಹೊಲಕ್ಕೆ ತಲುಪಿಸಿದಿರಿ. ಕನ್ನಡ ಓದಬಲ್ಲ ಒಬ್ಬರನ್ನು ಆ ಮೇಜಿನ ಹಿಂದೆ ಕೂರಿಸದೆ ಬರೀ ಬೋರ್ಡು ತೂಗುಹಾಕಿದರೆ ಅದನ್ನು ಸ್ವಾಗತವೆಂದು ತಿಳಿಯಬೇಕೋ, ತಮಾಷೆಯೆಂದು ತಿಳಿಯಬೇಕೋ? ನಿಮ್ಮ ಕೌಂಟರಿನಲ್ಲಿ ಇದನ್ನು ಕೇಳಿದಾಗ, "ಮುಂದಿನ ಸಲ ಮಲಯಾಳದಲ್ಲಿ ಬರೀರಿ, ಕನ್‌ಫ್ಯೂಷನ್ ಬೇಡ" ಎಂಬ ಸಲಹೆ ಸಿಕ್ಕಿತು. ನನಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಆದರೆ ನನ್ನ ದೂರನ್ನು ನನ್ನ ಭಾಷೆಯಲ್ಲಿ ಹೇಳಿದರೆ ಗೊಂದಲ, ನಿಮ್ಮ ನೋಟೀಸು ನಿಮ್ಮ ಭಾಷೆಯಲ್ಲಿ ಬಂದರೆ ಮಾತ್ರ ಸ್ಪಷ್ಟ ಎನ್ನುವುದನ್ನು ಒಪ್ಪಲಾರೆ.

ಹರಿನಾಥರ ಬಗ್ಗೆ ಒಂದು ಮಾತು. ತಪ್ಪು ತಿಳಿದ ಮೇಲೆ ಅವರು ಜೀಪು ಹತ್ತಿ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಚಹಾ ಮುಗಿಸಿ, ಮಳೆಯಲ್ಲಿಯೇ ರಸ್ತೆಗೆ ನಡೆದು, ಅಂಚಿನ ಇಳಿತದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದರು.

"ಸತ್ಯ ಹೇಳಬೇಕಾದರೆ ಮೇಡಂ, ಫೈಲು ತಪ್ಪಲ್ಲ. ಇಲ್ಲಿ ಮಣ್ಣು ಹೋದದ್ದಕ್ಕೇ ಅಲ್ಲವಾ ನಿಮ್ಮ ಟಯರು ಹೋದದ್ದು?"

ಜೀಪಿನಲ್ಲಿದ್ದ ಲಾವಂಚದ ಬುಡಗಳನ್ನು ಅವರು ನನ್ನ ಹೆಸರಿಗೇ ತಂದಿದ್ದರು, ವಾಪಸು ಒಯ್ದರೆ ಇನ್ನೊಂದು ಫೈಲು ಬೇಕು. ನಮ್ಮ ಗೇಟಿನಿಂದ ತಿರುವಿನವರೆಗೆ, ಎಂಬತ್ತು ಮೀಟರು, ಅಂಚಿನ ಹೊರಗೆ ಸಾಲಾಗಿ ನೆಡಲು ಹೇಳಿಕೊಟ್ಟರು. ಕೆಡವಿದ ಹಳೆಯ ಪಾಗಾರದ ಗೋಡೆಯ ಕೆಂಪು ಮುರಕಲ್ಲಿನ ಚೂರುಗಳನ್ನು ನಾನು ಡಾಂಬರಿಗೂ ಹುಲ್ಲಿಗೂ ನಡುವೆ ತುಂಬಿದೆ. ತೌಫೀಕ್ ಒಂದು ಭಾನುವಾರ ಬಂದು ಅದನ್ನು ಗುದ್ದಿ ಕೂರಿಸಿದ. ಮಳೆಗಾಲ ಮುಗಿಯುವಾಗ ಹುಲ್ಲು ಬೇರು ಬಿಟ್ಟಿತ್ತು, ಮೇಲಿನಿಂದ ಹರಿದುಬಂದ ಮಣ್ಣನ್ನೂ ಹಿಡಿದಿಟ್ಟಿತ್ತು. ಆ ಎಂಬತ್ತು ಮೀಟರಿನಲ್ಲಿ ಈಗ ಡಾಂಬರೂ ಮಣ್ಣೂ ಒಂದೇ ಮಟ್ಟ. ಎಂದರೆ ನನ್ನ ಪತ್ರ ತಪ್ಪು ವಿಳಾಸಕ್ಕೆ ಹೋಗಿ ಸರಿಯಾದ ಮನುಷ್ಯನಿಗೆ ಸಿಕ್ಕಿತು. ಅಂಚೆಯವಳಾಗಿ ನಾನು ಒಪ್ಪಲು ಬಹಳ ಕಷ್ಟಪಟ್ಟ ಸಂಗತಿ ಇದು. ಈಗ ನೀವು ಅದನ್ನೂ ಕಿತ್ತುಹಾಕಬೇಕೆನ್ನುತ್ತೀರಿ. ರಸ್ತೆಯ ಅಂಚು ಕೊಚ್ಚಿಹೋಗುತ್ತಿದ್ದ ಅಷ್ಟೂ ವರ್ಷ ಅತ್ತ ಕಣ್ಣುಹಾಯಿಸದವರಿಗೆ, ಅದು ನಿಂತ ಕೂಡಲೇ ಕಂಡದ್ದು ಹೇಗೆ?

ನಿಮಗೆ ಪುರಾವೆ ಬೇಕೆನಿಸಬಹುದು. ತೌಫೀಕನ ಬಳಿ ನನ್ನ ಬೋಳು ಟಯರುಗಳಿವೆ, ನೋಡಬಹುದು. ಆದರೆ ಅದಕ್ಕಿಂತ ಒಳ್ಳೆಯ ಪುರಾವೆ ನನ್ನ ಕನ್ನಡಿಯಲ್ಲಿ ಕಾಣುತ್ತದೆ. ಪೇಟೆಯಿಂದ ನೆಲ್ಲಿಮೂಲೆಗೆ ತಿರುಗಿದ ಕ್ಷಣದಿಂದ ಜೈನಬಾ ತನ್ನ ಬಲಗೈಯಿಂದ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಸೂಜಿ ತೆಗೆದು ಪಟ್ಟಿ ಕಟ್ಟಿದ ಕೈ ಅದು, ಕಾರಿನ ಎಡಬದಿ ಧಡ್ಡೆಂದು ಇಳಿದರೆ ಮತ್ತೆ ರಕ್ತ ಜಿನುಗುತ್ತದೆ. ಬಾಯಲ್ಲಿ ತಮಾಷೆ ನಿಲ್ಲುವುದಿಲ್ಲ, ಕೈ ಮಾತ್ರ ಬಿಡುವುದಿಲ್ಲ. ಮೊನ್ನೆ ನೋಟೀಸಿನ ವಿಷಯ ತಿಳಿಸಿದಾಗ, "ಹುಲ್ಲು ಕಿತ್ತರೆ ಕೀಳಲಿ ಬಿಡು, ಟ್ರೀಜಾ. ನನಗೋಸ್ಕರ ನೀನು ಆಫೀಸು ಆಫೀಸು ಅಲೆಯುವುದು ಬೇಡ" ಎಂದಳು. ಹಾಗೆ ಹೇಳುವಾಗ ಕಾರು ಲಾವಂಚದ ಸಾಲಿನ ಬಳಿ ಬಂದಿತ್ತು, ಎದುರಿನಿಂದ ಬಸ್ಸೂ ಬಂತು, ನಾನು ಎಡಕ್ಕೆ ಸರಿದೆ. ಏನೂ ಆಗಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅವಳು ಕೈ ಬಿಟ್ಟಿದ್ದಳು.

ನನ್ನ ಬೇಡಿಕೆ ಇಷ್ಟೇ. ನೋಟೀಸನ್ನು ಹಿಂದಕ್ಕೆ ಪಡೆಯಿರಿ, ಉತ್ತರವನ್ನು ಕನ್ನಡದಲ್ಲಿ ಕೊಡಿ, ಮತ್ತು ಮುಂದಿನ ಮಳೆಯ ಮೊದಲು ಅಂಚಿಗೆ ಮಣ್ಣು ತುಂಬಿಸಿ. ನಂಬಿಕೆ ಬಾರದಿದ್ದರೆ ಯಾವ ಸೋಮವಾರವಾದರೂ ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಗೇಟಿಗೆ ಬನ್ನಿ, ಹೈಬ್ರಿಡ್‌ನಲ್ಲಿ ಜಾಗವಿದೆ. ಮುಂದಿನ ಸೀಟಿನಲ್ಲಿ ಕೂತು ಒಮ್ಮೆ ಹಿಂದೆ ತಿರುಗಿ ನೋಡಿ. ಆ ಮೂರು ಕಿಲೋಮೀಟರಿನಲ್ಲಿ ಜೈನಬಾ ಕೈ ಬಿಡುವುದು ಎಂಬತ್ತೇ ಮೀಟರು. ಉಳಿದದ್ದು ನಿಮ್ಮದು.

ಇಂತಿ,
ಗಾಲಿ ಎಂದು ಬರೆದು ಬುದ್ಧಿ ಕಲಿತ, ಇನ್ನು ಮುಂದೆ ಟಯರೆಂದೇ ಬರೆಯುವ
ಟ್ರೀಜಾ ಕ್ರಾಸ್ತಾ
ನಿವೃತ್ತ ಸಬ್ ಪೋಸ್ಟ್ ಮಾಸ್ಟರ್
(ನಿಮ್ಮ ಫೈಲಿನ ಪ್ರಕಾರ ಹೈಬ್ರಿಡ್ ಕೃಷಿಕೆ)
ನೆಲ್ಲಿಮೂಲೆ, ಫೆಬ್ರವರಿ 2019